ಒಳಗೆ ಬಿಟ್ಟ ಬಟ್ಟೆ

ನಾನು ಸುಳ್ಳು ಹೇಳಿ ಬದುಕುವ ಮನುಷ್ಯ. ಹೀಗೆ ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸ್ವಲ್ಪ ಹಗುರಾದೀತು ಎಂಬ ಆಸೆ. ರಾಜಕಾರಣಿ ಇರಬೇಕು ಎಂದುಕೊಳ್ಳಬೇಡಿ, ಅಷ್ಟು ಯೋಗ್ಯತೆ ನನಗಿಲ್ಲ. ಬೆಟಗೇರಿಯ ಒಂದು ಓಣಿಯಲ್ಲಿ ಮನೆಯ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡಿರುವ ಲೇಡೀಸ್ ಟೇಲರ್ ನಾನು. ನನ್ನ ಹತ್ತಿರ ಇರುವುದು ಒಂದೇ ಸುಳ್ಳು: "ನಾಳಿ ಕೊಡ್ತೀನ್ರಿ." ಈ ಒಂದೇ ಸುಳ್ಳಿನ ಮೇಲೆ ಇಪ್ಪತ್ತು ವರ್ಷ ಸಂಸಾರ ನಡೆಸಿದ್ದೇನೆ. ನಮ್ಮ ಎದುರು ಮನೆಯ ಗಂಗಕ್ಕ ಜಂಪರಿಗೆ, ಅಂದರೆ ರವಿಕೆಗೆ, ಬಟ್ಟೆ ಕೊಟ್ಟು ಎಷ್ಟೋ ತಿಂಗಳಾಗಿತ್ತು. ದಿನಾ ಬೆಳಿಗ್ಗೆ ನೀರು ಹಿಡಿಯಲು ಬಂದವಳು ಕೊಡ ಕೆಳಗಿಟ್ಟು, "ಟೇಲರಣ್ಣಾ, ನನ್ನ ಜಂಪರ ಏನಾತ್ರಿ?" ಎನ್ನುತ್ತಿದ್ದಳು. ನಾನು "ಗುಂಡಿ ಹಚ್ಚೂದೊಂದ ಉಳದೈತ್ರಿ ಅಕ್ಕಾ, ನಾಳಿ" ಎನ್ನುತ್ತಿದ್ದೆ. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರಲಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಇಬ್ಬರೂ ಸಮಾಧಾನದಿಂದ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು.

ಸುಳ್ಳು ಬಿಟ್ಟರೆ ನಮ್ಮ ಕಸುಬಿನಲ್ಲಿ ಇನ್ನೊಂದು ಮುಖ್ಯವಾದ ಸಂಗತಿಯಿದೆ. ಅದು ಒಳಗೆ ಬಟ್ಟೆ ಬಿಡುವುದು. ನಮ್ಮ ಕಡೆ ಬೆಳೆಯುವ ಹುಡುಗಿಗೆ ಸರಿಯಾದ ಅಳತೆಗೆ ಲಂಗ ಹೊಲಿದುಕೊಟ್ಟ ಟೇಲರನನ್ನು ಯಾರೂ ಮತ್ತೆ ಮಾತನಾಡಿಸುವುದಿಲ್ಲ. ಬರುವ ವರ್ಷಕ್ಕೂ ಆಗಬೇಕು, ಅದರ ಮುಂದಿನ ವರ್ಷಕ್ಕೂ ಆಗಬೇಕು, ಆಮೇಲೆ ತಂಗಿಗೂ ಆಗಬೇಕು. ಅದಕ್ಕೇ ಅಂಚಿನ ಮೇಲೆ ನಾಲ್ಕು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಚಿ ಉದ್ದುದ್ದ ಹೊಲಿಗೆ ಹಾಕುತ್ತೇವೆ. ಹುಡುಗಿ ಬೆಳೆದಂತೆ ದಾರ ಎಳೆದರೆ ಸಾಕು, ಮಡಿಕೆ ಬಿಚ್ಚಿ ಲಂಗ ಇಳಿಯುತ್ತದೆ. ಹಾಗೆ ಸುಲಭವಾಗಿ ಬಿಚ್ಚಲೆಂದೇ ಆ ಹೊಲಿಗೆಯನ್ನು ಗಟ್ಟಿಯಾಗಿ ಹಾಕುವುದಿಲ್ಲ.

ಈ ಶಾಸ್ತ್ರದಲ್ಲಿ ನನ್ನ ಗುರು ನಮ್ಮ ಅವ್ವ. ಕರ್ನಾಟಕ ಒಂದಾದ ವರ್ಷ ಅವಳು ಗದಗಿನ ಶಾಲೆಯಲ್ಲಿ ಓದುತ್ತಿದ್ದಳಂತೆ. ಊರಲ್ಲಿ ದೊಡ್ಡ ಮೆರವಣಿಗೆ. ಅದರ ಮುಂದೆ ಶಾಲೆಯ ಹುಡುಗಿಯರ ಕೋಲಾಟ. ಅವ್ವನಿಗೆ ಅದಕ್ಕೆಂದೇ ಹೊಸ ಲಂಗ ಹೊಲಿಸಿದ್ದರು. ಅವಳು ಸ್ಟೇಷನ್ನಿನಿಂದ ಹಿಡಿದು ಊರ ತುಂಬ ಕೋಲು ಹೊಡೆಯುತ್ತ ಕುಣಿದು, ಧೂಳು ತಿಂದು, ಪೇಢೆ ತಿಂದು, ಮನೆಗೆ ಬಂದರೆ ಅವಳ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಮುಂಡರಗಿ ಕಡೆಯ ಬೀಗರೊಬ್ಬರು ಮೆರವಣಿಗೆ ನೋಡಿ, "ನಿಮ್ಮ ಹುಡುಗಿ ಭಾಳ ಛಲೋ ಕುಣಿತಾಳ" ಎಂದು ಹೊಗಳಿ ಹೋಗಿದ್ದರಂತೆ. ಮರುದಿನದಿಂದ ಅವ್ವನಿಗೆ ಶಾಲೆ ಬಂದ್. "ರಾಜ್ಯ ಒಂದಾತು, ನನ್ನ ಶಾಲಿ ಮುಗೀತು" ಎಂದು ಈಗಲೂ ನಗುತ್ತಾಳೆ. ನಗುವಾಗ ನಮ್ಮ ಕಡೆ ನೋಡುವುದಿಲ್ಲ, ಅಷ್ಟೇ. ಆ ಲಂಗವನ್ನು ಮಾತ್ರ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಮದುವೆಯ ತನಕ ಉಟ್ಟಳಂತೆ.

ಇಂಥ ಅವ್ವನ ಮೊಮ್ಮಗಳು, ಅಂದರೆ ನನ್ನ ಮಗಳು ವಿಜಿ, ಟಿ.ವಿ.ಯ ಡ್ಯಾನ್ಸ್ ಸ್ಪರ್ಧೆಗೆ ಆಯ್ಕೆಯಾದಳು. ಅದು ಆ ಸ್ಪರ್ಧೆಯ ಮೊದಲನೇ ವರ್ಷ. ಹುಬ್ಬಳ್ಳಿಯಲ್ಲಿ ಆರಿಸಿದರು, ಬೆಂಗಳೂರಿಗೆ ಬರಲು ಹೇಳಿದರು. ವಿಜಿಗೆ ಆಗ ಹನ್ನೆರಡು. ಯಾವ ಕ್ಲಾಸಿಗೂ ಹೋದವಳಲ್ಲ. ಅವ್ವ ಹಿತ್ತಲಲ್ಲಿ ಕೂತು ಬಾಯಲ್ಲೇ ತಾಳ ಹೇಳುತ್ತ ಕಲಿಸಿದ ಕೋಲಾಟವನ್ನೇ ಅವಳು ತನಗೆ ತೋಚಿದಂತೆ ಬೆಳೆಸಿಕೊಂಡಿದ್ದಳು. ಅಂಗಡಿಯಲ್ಲಿ ನಾನು ಮಷಿನ್ ತುಳಿದರೆ ಒಳಗೆ ಅವಳ ಹೆಜ್ಜೆ ಅದೇ ಲಯಕ್ಕೆ ಬೀಳುತ್ತಿತ್ತು. ಎಷ್ಟೋ ಸಲ ಅವಳಿಗಾಗಿ ಮಷಿನಿಗೆ ಬಟ್ಟೆ ಕೊಡದೆ ಸುಮ್ಮನೆ ತುಳಿದಿದ್ದೇನೆ. ಗಂಗಕ್ಕನ ಜಂಪರು ತಡವಾಗಲು ಅದೂ ಒಂದು ಕಾರಣ.

ಡ್ರೆಸ್ ನಾವೇ ಕೊಡುತ್ತೇವೆ ಎಂದು ಚಾನೆಲ್ಲಿನವರು ಫೋನಿನಲ್ಲಿ ಹೇಳಿದ್ದರು. ನಾನು ಕೇಳಲಿಲ್ಲ. ಟೇಲರನ ಮಗಳು ಇನ್ನೊಬ್ಬರು ಹೊಲಿದದ್ದನ್ನು ಹಾಕಿಕೊಂಡು ಕುಣಿಯುವುದೇ? ಅವ್ವ ಟ್ರಂಕು ತೆಗೆದು ತನ್ನ ಮದುವೆಯ ಸೀರೆಯನ್ನು ತಂದು ನನ್ನ ಮುಂದೆ ಇಟ್ಟಳು. ನಮ್ಮ ಓಣಿಯ ಮಗ್ಗದಲ್ಲೇ ನೇಯ್ದದ್ದು, ಕೆಂಪು ಒಡಲು, ಹಸಿರು ದಡಿ. "ಇದರಾಗ ಹೊಲಿ" ಎಂದಳು. ನಾನು ಕತ್ತರಿ ಹಿಡಿದಾಗ, "ಬಸೂ, ಬಾಳ ಕತ್ತರಸಬ್ಯಾಡೋ. ಬೆಳಿಯೂ ಕೂಸು. ಒಳಗ ಬಟ್ಟಿ ಬಿಡು" ಎಂದಳು. ಸ್ಪರ್ಧೆಯವರು ಲಂಗ ಹಿಮ್ಮಡಿಗಿಂತ ಮೇಲಿರಲಿ ಎಂದಿದ್ದರು. ಉಳಿದ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡಬೇಕಿತ್ತು. ಅವ್ವನ ಮದುವೆ ಸೀರೆ, ಹೇಗೆ ಕತ್ತರಿಸಲಿ? ಒಳಗೆ ಮಡಚಿದೆ. ಮಡಚಿ, ಕೈಗೆ ರೂಢಿಯಾದ ಹಾಗೆ ಉದ್ದುದ್ದ ಹೊಲಿಗೆ ಹಾಕಿದೆ. ಅದು ಒಂದು ದಿನ ಬಿಚ್ಚಬೇಕಾದ ಹೊಲಿಗೆ ಎಂದು ನನ್ನ ಕೈಗೆ ಗೊತ್ತಿತ್ತು. ಯಾವತ್ತು ಬಿಚ್ಚಬಾರದು ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಬೆಂಗಳೂರಿನ ಆ ಸ್ಟುಡಿಯೋದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ವಿಜಿ ಕುಣಿಯಲು ಶುರು ಮಾಡಿದಳು. ನನ್ನ ಮಗಳೆಂದು ಹೇಳುತ್ತಿಲ್ಲ, ಅಲ್ಲಿದ್ದ ಲೈಟಿನವರೂ ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ಕೊನೆಗೆ ಕೋಲು ಮೇಲೆತ್ತಿ ಗಿರಗಿರ ತಿರುಗುವುದು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಲಂಗ ಇಳಿಯಿತು. ಒಂದು ಕಡೆಯಿಂದ ಮಡಿಕೆ ಬಿಚ್ಚಿಕೊಂಡು ಬರುವುದು ನನಗೆ ಕಾಣಿಸಿತು. ಟೇಲರನ ಕಣ್ಣು, ಬೇರೆ ಯಾರಿಗೂ ಕಾಣದಿದ್ದರೂ ಅದಕ್ಕೆ ಕಾಣುತ್ತದೆ. ದಡಿ ಅವಳ ಕಾಲಡಿ ಸಿಕ್ಕಿತು. ಮುಖ ಅಡಿಯಾಗಿ ಬಿದ್ದಳು. ಕೋಲು ಉರುಳಿ ತೀರ್ಪುಗಾರರ ಮೇಜಿನ ತನಕ ಹೋಯಿತು.

ತೀರ್ಪುಗಾರರಲ್ಲಿ ಒಬ್ಬರು ತುಂಬ ಮೃದುವಾಗಿ, "ಪ್ರತಿಭೆ ಇದೆ ಪುಟ್ಟಾ, ಆದರೆ ಕಾಲಿನ ಮೇಲೆ ಹಿಡಿತ ಇಲ್ಲ. ದೊಡ್ಡ ವೇದಿಕೆಗೆ ನೀನಿನ್ನೂ ತಯಾರಾಗಿಲ್ಲ" ಎಂದರು. ವಿಜಿ ತಲೆಯಾಡಿಸಿದಳು. ಕ್ಯಾಮೆರಾ ನನ್ನ ಕಡೆ ತಿರುಗಿತು. ನಿರೂಪಕಿ ಮೈಕು ತಂದು, "ಅಪ್ಪನಿಗೆ ಏನನಿಸುತ್ತೆ?" ಎಂದಳು. ಆಗ ಹೇಳಬಹುದಿತ್ತು. ತಪ್ಪು ಅವಳ ಕಾಲಿನದಲ್ಲ, ನನ್ನ ಹೊಲಿಗೆಯದು, ಇನ್ನೊಂದು ಸಲ ಬಿಡಿ ಎನ್ನಬಹುದಿತ್ತು. ನಾನು, "ಇರ್ಲಿ ಬಿಡ್ರಿ, ಸಣ್ಣದೈತಿ, ಕಲೀತೈತಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷ ಟೇಲರ್ ಎಂದು ಬೋರ್ಡು ಹಾಕಿಕೊಂಡವನಿಗೆ, ಹೊಲಿಗೆ ಬಿಚ್ಚಿತು ಎಂದು ಊರೆಲ್ಲ ನೋಡುವ ಟಿ.ವಿ.ಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಊರಿಗೆ ಬಂದರೆ ಇನ್ನೊಂದು ಫಜೀತಿ ಕಾದಿತ್ತು. ಸೋಲು ಗೆಲುವನ್ನೂ ಶೂಟಿಂಗಿನಲ್ಲೇ ಮುಗಿಸಿ ವಾರಗಟ್ಟಲೆ ಬಿಟ್ಟು ತೋರಿಸುತ್ತಾರೆ ಎಂಬುದು ಆ ಮೊದಲ ವರ್ಷ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಕುಣಿದದ್ದು ಮೊದಲೇ ಆದರೂ, ಟಿ.ವಿ.ಯಲ್ಲಿ ಬರುವ ಭಾನುವಾರವೇ ಮೆಸೇಜು ಎಣಿಸಿ ಗೆಲ್ಲಿಸುತ್ತಾರೆ ಎಂದು ಓಣಿಯ ತಿಳಿವಳಿಕೆ. ಪ್ರಸಾರವಾಗುವ ತನಕ ಬಾಯಿ ಬಿಡುವುದಿಲ್ಲ ಎಂದು ನಾನೋ ಕಾಗದಕ್ಕೆ ಸಹಿ ಹಾಕಿ ಬಂದಿದ್ದೆ. ಅವ್ವನಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಸಂಜೆಯೊಳಗೆ ಹಿರೇಹಂದಿಗೋಳದ ಚಿಕ್ಕಮ್ಮನಿಗೆ ಗೊತ್ತಾಗಿ, ಅಲ್ಲಿಂದ ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದ ಬೀಗರ ತನಕ ಹೋಗುತ್ತದೆ. ಹೀಗಾಗಿ ಮೂರು ವಾರ, ಸೋತು ಮನೆಯಲ್ಲಿ ಕೂತ ಹುಡುಗಿ ಗೆಲ್ಲಲೆಂದು ಓಣಿ ಹಾರೈಸಿತು. ವಿಜಿ ಕಿರಾಣಿ ಅಂಗಡಿಗೆ ಹೋದರೆ ಸಾಮಾನಿನ ಜೊತೆ ಕೈತುಂಬ ಬೆಲ್ಲ ಕೊಡುತ್ತಿದ್ದರು. ಗಂಗಕ್ಕ ಮೊಬೈಲಿನಲ್ಲಿ ಮೆಸೇಜು ಕಳಿಸುವುದು ಕಲಿತುಕೊಂಡಳು. "ವಿಜಿ, ನೀ ಚಿಂತಿ ಮಾಡಬ್ಯಾಡ ಯವ್ವಾ, ನಾ ಒಬ್ಬಾಕಿನ ನಿನ್ನ ಗೆಲ್ಲಸ್ತೀನಿ" ಎನ್ನುವಳು. ವಿಜಿ "ಹೂಂ ಅಕ್ಕಾ" ಎಂದು ಒಳಗೆ ಹೋಗಿಬಿಡುವಳು.

ಅವಳು ಕುಣಿಯುವುದನ್ನು ಬಿಟ್ಟಿದ್ದಳು. ಲಂಗವನ್ನು ತಾನೇ ಮಡಚಿ ತಂದು ಟ್ರಂಕಿನ ತಳಕ್ಕೆ ಹಾಕಿದ್ದಳು. ಮಷಿನ್ ತುಳಿದರೆ ಒಳಗೆ ಹೆಜ್ಜೆ ಬೀಳುತ್ತಿರಲಿಲ್ಲ. ಸುಮ್ಮಸುಮ್ಮನೆ ತುಳಿದು ನೋಡಿದೆ, ಇಲ್ಲ. ಒಂದು ದಿನ ಅವ್ವ, "ಯಾಕ ವಿಜಿ, ಸಾಧನಿ ಮಾಡವಲ್ಲಿ?" ಎಂದರೆ, "ನನ್ನ ಕಾಲಾಗ ಹಿಡಿತ ಇಲ್ಲಂತ ಅಜ್ಜೀ" ಎಂದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದೆ. ಅವನ್ನು ನುಂಗಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಇವತ್ತು ಹೇಳಿಬಿಡಬೇಕು, ನಿನ್ನ ಕಾಲು ಸರಿ ಇದೆ, ನಿನ್ನಪ್ಪನ ಕೈ ಸರಿ ಇಲ್ಲ ಎಂದು ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಆಮೇಲೆ ನಾಳೆ ಹೇಳಿದರಾಯಿತು ಎನ್ನುತ್ತಿದ್ದೆ. ಗಿರಾಕಿಗಳಿಗೆ ಹೇಳಿ ಹೇಳಿ ಆ ಮಾತು ನನಗೇ ಅಂಟಿತ್ತು.

ಆ ಭಾನುವಾರ ಸಂಜೆ ಅವ್ವ ಓಣಿಯನ್ನೆಲ್ಲ ಕರೆದಳು. ನಮ್ಮ ಪಡಸಾಲೆಯಲ್ಲಿ ಮಷಿನ್ ಸರಿಸಿ ಚಾಪೆ ಹಾಸಿದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ಎಲ್ಲ ಬಂತು. ನಾನು ಒಂದೇ ಸಮನೆ ಕರೆಂಟು ಹೋಗಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಟಿ.ವಿ.ಯಲ್ಲಿ ಚಲೋದು ಏನು ಬಂದರೂ ನಮ್ಮಲ್ಲಿ ಕರೆಂಟು ಹೋಗಲೇಬೇಕು. ಆವತ್ತು ಹೋಗಲಿಲ್ಲ. ಚಿತ್ರ ಕೂಡ ಹಿಂದೆಂದೂ ಬಾರದಷ್ಟು ಸ್ವಚ್ಛ ಬಂತು.

ವಿಜಿ ಕುಣಿದಳು. ಓಣಿ ಉಸಿರು ಹಿಡಿದು ನೋಡಿತು. ಬಿದ್ದಳು. ಅಷ್ಟಕ್ಕೇ ಮುಗಿಯಲಿಲ್ಲ. ಆ ಪುಣ್ಯಾತ್ಮರು ಬಿದ್ದದ್ದನ್ನು ನಿಧಾನ ಮಾಡಿ ಮತ್ತೆ ತೋರಿಸಿದರು, ಇನ್ನೂ ನಿಧಾನ ಮಾಡಿ ಇನ್ನೊಮ್ಮೆ, ಶೋಕದ ಸಂಗೀತ ಹಾಕಿ ಮೂರನೇ ಸಲ. ಆ ಮೂರನೇ ಸಲಕ್ಕೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದ ನಮ್ಮ ಅವ್ವ, "ಬಸೂ" ಎಂದಳು. "ಲಂಗ ಇಳೀತಲ್ಲೋ."

ಮಿರ್ಚಿ ತಿನ್ನುವವರು ಕೈ ತಡೆದರು. ಗಂಗಕ್ಕ ನನ್ನ ಕಡೆ ತಿರುಗಿ, "ಟೇಲರಣ್ಣಾ, ಒಳಗ ಬಟ್ಟಿ ಬಿಟ್ಟಿದ್ರೇನ್ರಿ?" ಎಂದಳು. ಕೇಳಿದ್ದು ಸಿಟ್ಟಿನಿಂದಲ್ಲ, ಗಾಬರಿಯಿಂದ. ಅವಳ ಮೊಮ್ಮಗಳ ಲಂಗಕ್ಕೂ ನಾನೇ ಬಟ್ಟೆ ಬಿಟ್ಟಿದ್ದೆ. ಇನ್ನು ಹೇಳದೆ ವಿಧಿಯಿಲ್ಲ ಎಂದು ಬಾಯಿ ತೆರೆದೆ.

"ಇಲ್ಲ ಅಕ್ಕಾ" ಎಂದಳು ವಿಜಿ, ಗೋಡೆಗೆ ಒರಗಿ ಕೂತಲ್ಲಿಂದಲೇ. "ಲಂಗ ಬರೋಬರಿ ಇತ್ತು. ಲೈಟಿನ ಬೆಳಕಿಗೆ ಹಂಗ ಕಾಣತೈತಿ. ನಾನ ಹೆಜ್ಜಿ ತಪ್ಪಿದೆ."

ಅಷ್ಟು ಸಹಜವಾಗಿ ಹೇಳಿದಳು ಎಂದರೆ ಎಲ್ಲರೂ ನಂಬಿದರು. ಅವ್ವನೂ ಕಣ್ಣುಜ್ಜಿಕೊಂಡು, "ಇದ್ದೀತು, ನನ್ನ ಕಣ್ಣೇನ ಖರೆ ಅಲ್ಲ" ಎಂದಳು. ಪಾಪ, ಹುಡುಗಿಗೆ ಏನೂ ಗೊತ್ತಿಲ್ಲ, ತನ್ನದೇ ತಪ್ಪೆಂದು ತಿಳಿದಿದೆ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗೆ ದುಃಖಕ್ಕಿಂತ ಮೊದಲು ನಿರಾಳವಾಯಿತು. ತೆರೆದ ಬಾಯಿಗೆ ಒಂದು ಮಿರ್ಚಿ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ವಿಜಿ ಶಾಲೆಗೆ ಹೋದ ಮೇಲೆ ಟ್ರಂಕು ತೆಗೆದೆ. ಅವ್ವನ ಕಣ್ಣಿಗೆ ಬೀಳುವ ಮೊದಲು ಮಡಿಕೆಯನ್ನು ಹೊಲಿದು ಮುಚ್ಚಿಬಿಡೋಣ ಎಂಬ ಸಂಚು. ಲಂಗ ಬಿಡಿಸಿದೆ. ಬಿಚ್ಚಿದ ಮಡಿಕೆ ಎಲ್ಲೂ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ನಾನು ಹಾಕಿದ್ದ ಕೆಂಪು ದಾರದ ಜಾಗದಲ್ಲಿ ಕಪ್ಪು ದಾರ. ಮಷಿನಿನದಲ್ಲ, ಕೈಹೊಲಿಗೆ. ಸೊಟ್ಟಸೊಟ್ಟ, ಒಂದು ಉದ್ದ ಒಂದು ಗಿಡ್ಡ, ನಡುನಡುವೆ ಗಂಟು. ಬೆಂಗಳೂರಿಗೆ ಹೋಗುವಾಗ ಅವಳ ಚೀಲದಲ್ಲಿ ನಾನೇ ಸೂಜಿದಾರದ ಡಬ್ಬಿ ಹಾಕಿದ್ದೆ. ಅದರಲ್ಲಿ ಇದ್ದದ್ದು ಕಪ್ಪು ದಾರ ಒಂದೇ. ನಾನು ಬಿದ್ದ ಮಗಳನ್ನು ರೂಮಿನಲ್ಲಿ ಬಿಟ್ಟು ರೈಲಿನ ಟಿಕೆಟ್ ತರಲು ಹೋಗಿದ್ದಾಗ, ಅವಳು ಒಬ್ಬಳೇ ಕೂತು ಅಪ್ಪನ ತಪ್ಪನ್ನು ಒಳಗೆ ಮಡಚಿ ಹೊಲಿದಿದ್ದಳು. ಮೂರು ವಾರವೂ ಅವಳಿಗೆ ಗೊತ್ತಿತ್ತು. ನಾನು ಯಾವಾಗ ಹೇಳುತ್ತೇನೆ ಎಂದು ಕಾದಿರಬೇಕು. ಲಂಗವನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ನಮ್ಮ ಮನೆಯವಳು ಒಳಗಿನಿಂದ, "ಯಾಕ್ರೀ?" ಎಂದಳು. "ಸೂಜಿ ಚುಚ್ಚೇತಿ" ಎಂದೆ.

ಅಂದಿನಿಂದ ನನ್ನ ಅಂಗಡಿಯಲ್ಲಿ ಒಂದು ಬದಲಾವಣೆಯಾಗಿದೆ. ಗಿರಾಕಿಗಳಿಗೆ "ನಾಳಿ" ಎನ್ನಲು ನಾಲಿಗೆ ಏಳುವುದಿಲ್ಲ. ಗಂಗಕ್ಕನ ಜಂಪರನ್ನು ಅದೇ ದಿನ ಹೊಲಿದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಕೊಟ್ಟೆ. ಅವಳು ಕೊಡ ಕೆಳಗಿಟ್ಟು ಜಂಪರನ್ನೂ ನನ್ನನ್ನೂ ನೋಡಿ, "ಟೇಲರಣ್ಣಾ, ಆರಾಮ ಅದೀರಲ್ರಿ?" ಎಂದು ಕೇಳಿದಳು.

ನಾಗರ ಪಂಚಮಿ ಹತ್ತಿರ ಬಂದಾಗ ಅವ್ವ ಟ್ರಂಕಿನಿಂದ ಆ ಲಂಗವನ್ನು ತಂದು ನನ್ನ ಮಷಿನಿನ ಮೇಲೆ ಹಾಕಿದಳು. "ವಿಜಿ ನೋಡು ಎಷ್ಟ ಎತ್ತರ ಆಗ್ಯಾಳ. ಹಬ್ಬಕ್ಕ ಉಡ್ಲಿ. ಮಡಿಕಿ ಬಿಚ್ಚಿ ಕೊಡು. ಒಂದ ದಾರ ಎಳಿಯೂ ಕೆಲಸ." ವಿಜಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಲಂಗ ನೋಡಿದಳು. ನಾನು ಆ ಕಪ್ಪು ಹೊಲಿಗೆಯ ಮೇಲೆ ಬೆರಳಾಡಿಸಿದೆ. ಬ್ಲೇಡು ಕೈಯಲ್ಲೇ ಇತ್ತು.

"ನಾಳಿ ಕೊಡ್ತೀನವ್ವಾ" ಎಂದೆ.

ಆಮೇಲೆ ಎರಡು ಪಂಚಮಿ ಬಂದು ಹೋದವು. ಈಗ ನನ್ನ ಅಂಗಡಿಯಲ್ಲಿ ಯಾರ ಬಟ್ಟೆಯೂ ಬಾಕಿಯಿಲ್ಲ, ಗೋಡೆಯ ಮೊಳೆಯ ಮೇಲಿರುವ ಆ ಒಂದು ಲಂಗ ಬಿಟ್ಟು.