ನನ್ನ ದಾಸವಾಳ, ರಾಯರ ಗಣಪತಿ

ಸ್ವಭಾವತಃ ನಾನು ಸಾಧು ಮನುಷ್ಯ. ಕಾಫಿಗೆ ಸಕ್ಕರೆ ಕಡಿಮೆಯಾದರೆ ಸುಮ್ಮನೆ ಕುಡಿಯುತ್ತೇನೆ. ನಮ್ಮ ಪತ್ರಿಕೆಯನ್ನು ಪಕ್ಕದ ಮನೆಯವರು ನನಗಿಂತ ಮೊದಲು ಓದಿ, ಮುದ್ದೆ ಮಾಡಿ ಹಿಂತಿರುಗಿಸಿದರೂ ಸಹಿಸಿಕೊಳ್ಳುತ್ತೇನೆ. ಆದರೆ ನನ್ನ ಗಿಡದ ಹೂವಿಗೆ ಯಾರಾದರೂ ಕೈಹಾಕಿದರೆ ಮೈಯೆಲ್ಲ ಉರಿದುಹೋಗುತ್ತದೆ. ಚೊಂಬು ಕದ್ದವನನ್ನು ಊರು ಕಳ್ಳ ಎನ್ನುತ್ತದೆ. ಹೂ ಕದ್ದವನನ್ನು ಮಾತ್ರ ದೈವಭಕ್ತ ಎಂದು ಕರೆದು, ಮಣೆ ಹಾಕಿ ಕೂರಿಸುತ್ತದೆ. ಇದೆಲ್ಲಿಯ ನ್ಯಾಯ ಸ್ವಾಮಿ?

ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದಿರುವುದು ಅಂಗೈಯಗಲದ ಜಾಗ. ಅದಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ಕುರಿಗೊಬ್ಬರದ ಮೂಟೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮಂಡಿ ಮೊಹಲ್ಲಾ ದಾಟಿ ಬರುವಾಗ, ಪರಿಚಯದವರು ಮೂಗು ಮುಚ್ಚಿಕೊಂಡು ರಸ್ತೆಯ ಆ ಬದಿಗೆ ಸರಿದುಬಿಡುತ್ತಿದ್ದರು. ಚೈತ್ರ ಬಂತೆಂದರೆ ಆ ಅವಮಾನವೆಲ್ಲ ಮರೆತುಹೋಗುತ್ತಿತ್ತು. ಬಿಲ್ವದಲ್ಲಿ ತಾಮ್ರದ ಬಣ್ಣದ ಚಿಗುರು, ಗೋಡೆಯುದ್ದಕ್ಕೂ ದುಂಡುಮಲ್ಲಿಗೆ, ಗೇಟಿನ ಪಕ್ಕದಲ್ಲಿ ಕೆಂಪು ದಾಸವಾಳ. ಒಂದನ್ನೂ ಕೀಳಬಾರದೆಂಬುದು ನಮ್ಮ ಮನೆಯ ಕಾನೂನು. ನನ್ನ ಹೆಂಡತಿ ಸರೋಜಳಿಗೆ ಈ ಕಾನೂನು ಎಂದೂ ಹಿಡಿಸಲಿಲ್ಲ. "ಮನೆ ತುಂಬ ಹೂವಿಟ್ಕೊಂಡು ಹೂವಾಡಗಿತ್ತಿ ಹತ್ರ ಮೊಳಕ್ಕೆ ಚೌಕಾಸಿ ಮಾಡ್ಬೇಕಲ್ರೀ, ನೋಡಿದೋರು ಏನಂದ್ಕೊಂಡಾರು?" ಎನ್ನುತ್ತಿದ್ದಳು. "ಹೂವಿರೋದು ಗಿಡದಲ್ಲಿ ನೋಡೋಕೆ ಕಣೇ. ಅಲ್ಲಿದ್ರೂ ದೇವರಿಗೆ ಕಾಣುತ್ತೆ" ಎಂದು ನಾನು ಉಪದೇಶ ಮಾಡುತ್ತಿದ್ದೆ.

ದೇವರಿಗೆ ಕಂಡಿತೋ ಇಲ್ಲವೋ, ಎದುರುಮನೆಯ ನರಹರಿರಾಯರಿಗಂತೂ ಚೆನ್ನಾಗಿ ಕಂಡಿತು. ಅರಮನೆಯ ಸೇವೆಯಿಂದ ನಿವೃತ್ತರಾದ ಹಿರಿಯರು. ಬೆಳಕು ಹರಿಯುವ ಮೊದಲೇ ತಲೆಗೆ ಮಫ್ಲರ್ ಸುತ್ತಿ, ಬೆತ್ತದ ಬುಟ್ಟಿ ಹಿಡಿದು ಹೊರಡುತ್ತಿದ್ದರು. ಅವರ ಊರುಗೋಲಿನ ಬಾಗಿದ ಹಿಡಿ ನೆಲಕ್ಕೆ ಊರುವುದಕ್ಕಿಂತ ಹೆಚ್ಚಾಗಿ ನಮ್ಮ ಗೋಡೆಯಾಚೆಯ ಕೊಂಬೆ ಎಳೆಯುವುದಕ್ಕೇ ಬಳಕೆಯಾಗುತ್ತಿತ್ತು. ಮೊಗ್ಗನ್ನೂ ಬಿಡುತ್ತಿರಲಿಲ್ಲ ಪುಣ್ಯಾತ್ಮರು. ಪೂಜೆ ಮುಗಿದ ಮೇಲೆ ಪ್ರಸಾದವೆಂದು ನನ್ನದೇ ದಾಸವಾಳವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ನನ್ನ ಕಣ್ಣೆದುರಿಗೇ ತರಕಾರಿ ತರಲು ಹೋಗುತ್ತಿದ್ದರು!

ಒಂದು ಬೆಳಿಗ್ಗೆ ಕಾದು ಕೂತು ಹಿಡಿದೇಬಿಟ್ಟೆ. ಗುಡುಗಬೇಕೆಂದು ಬಾಯಿ ತೆರೆದೆ. ಹೊರಬಂದದ್ದು, "ಏನು ರಾಯರೇ, ಕಾಫಿ ಆಯ್ತೇ?" ಎಂಬ ಮಾತು.

"ಪೂಜೆಗೆ ಮುಂಚೆ ಕಾಫಿಯೇ? ಶಿವ ಶಿವಾ! ಆ ಮೇಲಿನ ಕೊಂಬೆ ಸ್ವಲ್ಪ ಬಗ್ಗಿಸಿ ನೋಡೋಣ, ನಿಲುಕ್ತಾ ಇಲ್ಲ" ಎಂದರು.

ಬಗ್ಗಿಸಿದೆ. ಬಗ್ಗಿಸದೆ ಏನು ಮಾಡಲಿ, ಹಿರಿಯರು! "ಹೂ ನಿಮ್ಮದಾದ ಮೇಲೆ ಪುಣ್ಯ ಪೂರ್ತಿ ನಿಮಗೇ ಕಣ್ರೀ. ನನಗೆ ಬರೀ ಸೊಂಟನೋವು" ಎಂದು ಸಮಾಧಾನ ಹೇಳಿದರು.

ಆ ಮಾತು ನನ್ನ ಬಾಯಿ ಕಟ್ಟಿಹಾಕಿತು. ಏಕೆಂದರೆ ಆ ವರ್ಷ ನಮ್ಮ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಜಾಗ ಖಾಲಿಯಿತ್ತು. ಸರದಿಯಲ್ಲಿ ಮೊದಲಿಗ ನಾನು. ಹಾಗಿರುವಾಗ ಒಂದಿಷ್ಟು ಪುಣ್ಯ ಜಮೆಯಾದರೆ ಒಳ್ಳೆಯದೇ ಅಲ್ಲವೇ? ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ರಾಮನವಮಿಯ ಹಿಂದಿನ ದಿನ ಸಾಹೇಬರ ಆರ್ಡರ್ ಬಂತು. ಹೆಡ್ ಕ್ಲಾರ್ಕ್ ಆದವನು ಗೋಪಿನಾಥ, ನನ್ನ ಹಿಂದಿನ ಮೇಜಿನವನು, ಫೈಲಿಗೆ ದಾರ ಕಟ್ಟುವುದನ್ನು ನಾನೇ ಹೇಳಿಕೊಟ್ಟ ಹುಡುಗ. ನರಹರಿರಾಯರ ಖಾಸಾ ಅಳಿಯ.

ಸಂಜೆ ರಾಯರೇ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. "ಬಾಯಿ ಸಿಹಿ ಮಾಡ್ಕೊಳ್ಳಿ. ಇದರಲ್ಲಿ ನಿಮ್ಮ ಪಾಲೂ ಇದೆ. ಅಳಿಯಂದ್ರಿಗೆ ಹೆಡ್ ಕ್ಲಾರ್ಕ್ ಆಗ್ಲಿ ಅಂತ ಶಿವರಾತ್ರಿಯಿಂದ ಸಂಕಲ್ಪ ಮಾಡ್ಕೊಂಡು ಅರ್ಚನೆ ಮಾಡ್ತಿದ್ದೆ. ನಿಮ್ಮ ಕೆಂಪು ದಾಸವಾಳಕ್ಕೆ ಗಣಪತಿ ಒಲಿದ್ಬುಟ್ಟ ಕಣ್ರೀ!"

"ಪುಣ್ಯ ನನಗೆ ಅಂದಿದ್ರಲ್ಲ ರಾಯರೇ?" ಎಂದೆ.

"ಪುಣ್ಯ ನಿಮಗೇ, ಅದರಲ್ಲಿ ಅನುಮಾನವೇ ಬೇಡ. ಫಲ ಮಾತ್ರ ಸಂಕಲ್ಪದಲ್ಲಿ ಹೆಸರಿದ್ದೋರಿಗೆ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ನನ್ನ ಮಣ್ಣು, ನನ್ನ ಗೊಬ್ಬರ, ನಾನೇ ಬಗ್ಗಿಸಿದ ಕೊಂಬೆ. ಬಡ್ತಿ ಮಾತ್ರ ಅವರ ಅಳಿಯನಿಗೆ! ಅವರು ಅತ್ತ ಹೋಗುತ್ತಲೇ ಸರೋಜ ಒಬ್ಬಟ್ಟು ಮುರಿಯುತ್ತ ಕೇಳಿದಳು: "ಗಿಡದಲ್ಲಿದ್ದ ಹೂ ದೇವರಿಗೆ ಕಾಣಿಸ್ಲಿಲ್ವೇನ್ರೀ?"

ಹೂವಿನಿಂದ ಬಡ್ತಿ ಸಿಗುತ್ತದೆಂದು ನಂಬುವಷ್ಟು ದಡ್ಡ ನಾನಲ್ಲ. ಆದರೂ ಮಾರನೆಯ ಬೆಳಿಗ್ಗೆ ರಾಯರಿಗಿಂತ ಮೊದಲೇ ಎದ್ದೆ. ದಾಸವಾಳ, ಮಲ್ಲಿಗೆಮೊಗ್ಗು, ಬಿಲ್ವದ ಚಿಗುರು, ಎಲ್ಲವನ್ನೂ ಒಂದೂ ಬಿಡದೆ ಬಿಡಿಸಿದೆ. ಸ್ನಾನ ಮಾಡಿ, ನನ್ನ ಹೆಸರು, ಗೋತ್ರ, ನಕ್ಷತ್ರಗಳನ್ನು ಗಣಪತಿಗೆ ತಪ್ಪಾಗಿ ಕೇಳಿಸದಂತೆ ಗಟ್ಟಿಯಾಗಿ ಹೇಳಿ ಸಂಕಲ್ಪ ಮಾಡಿ ಪೂಜೆ ಮುಗಿಸಿದೆ. ಹೊರಗೆ ಬಂದರೆ, ಗೋಡೆಯ ಆಚೆ ಖಾಲಿ ಬುಟ್ಟಿ ಹಿಡಿದು ರಾಯರು ನಿಂತಿದ್ದಾರೆ.

"ನೋಡಿದ್ರಾ ಅನ್ಯಾಯ!" ಎಂದರು, ಬೋಳುಗಿಡಗಳನ್ನು ನೋಡುತ್ತಲೇ. "ಯಾವನೋ ಪಾಪಿ ಒಂದು ಮೊಗ್ಗೂ ಬಿಡದಂಗೆ ಬಳ್ಕೊಂಡು ಹೋಗ್ಬುಟ್ಟಿದಾನೆ. ಕಷ್ಟಪಟ್ಟು ಬೆಳೆಸಿದೋರ ಹೊಟ್ಟೆ ಎಷ್ಟು ಉರಿದೀತು ಅನ್ನೋ ಜ್ಞಾನ ಬೇಡ್ವೇ?"

"ಕಾಲ ಕೆಟ್ಟುಹೋಯಿತು ರಾಯರೇ, ಇಂಥವರನ್ನು ಸುಮ್ಮನೆ ಬಿಡಬಾರದು" ಎಂದೆ, ಅವರಿಗಿಂತ ಜೋರಾಗಿ.

ರಾಯರು ಈಗ ನನ್ನತ್ತ ತಿರುಗಿದರು. ಅವರ ದೃಷ್ಟಿ ನನ್ನ ಮುಖದ ಬಲಗಡೆಗೆ ಹೋಗಿ ಅಲ್ಲೇ ನಿಂತಿತು. ಏನಿರಬಹುದೆಂದು ಕೈ ಎತ್ತಿ ಮುಟ್ಟಿಕೊಂಡೆ. ಕಿವಿಯ ಮೇಲೆ ಪ್ರಸಾದದ ಕೆಂಪು ದಾಸವಾಳವಿತ್ತು.