ಚಮಚ ಬಿಟ್ಟು ಬಂದ ತೆರಿಗೆ ತಜ್ಞ

2025ರ ನವೆಂಬರ್ 8, ಶನಿವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ನಾನು ನಮ್ಮೂರು ಸದಲಗಾದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹೆಗಲ ಮೇಲೆ ಹಳೆಯ ಪಾತ್ರೆಗಳ ಗೋಣಿಚೀಲ, ಜೇಬಿನಲ್ಲಿ ಅವ್ವ ಕೊಟ್ಟ ಹಣ, ತಲೆಯಲ್ಲಿ ಜಿಎಸ್‌ಟಿ. ಮೂರರಲ್ಲಿ ತಲೆಯಲ್ಲಿರುವುದೇ ಹೆಚ್ಚು ತೂಕದ್ದು ಎಂದು ಆಗ ನನಗೆ ಬಹಳ ಹೆಮ್ಮೆಯಿತ್ತು!

ಮರುದಿನ ನಮ್ಮ ಅಕ್ಕ ಸುಜಾತಾಳ ಸಾಖರಪುಡಾ, ಅಂದರೆ ಮದುವೆಯ ನಿಶ್ಚಯ. ಅಥಣಿ ಕಡೆಯಿಂದ ಗಂಡಿನವರು ನಲವತ್ತು ಮಂದಿ ಬರುವವರಿದ್ದರು. ಅವರ ಪೈಕಿ ಮೂವತ್ತೊಂಬತ್ತು ಮಂದಿಯ ಬಗ್ಗೆ ನಮಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಹುಡುಗನ ಅಜ್ಜಿಯದು. ಹಿಂದೊಮ್ಮೆ ಬೇರೆ ಕಡೆ ಹೆಣ್ಣು ನೋಡಲು ಹೋದಾಗ ಚಹಾ ಆರಿದೆ ಎಂದು ಅಜ್ಜಿ ಎದ್ದು ಬಂದಿದ್ದರಂತೆ. ಆ ಸಂಬಂಧ ಅಲ್ಲಿಗೇ ಮುಗಿದಿತ್ತು. ಅಕ್ಕನಿಗೆ ಈ ಹುಡುಗ ಮನಸ್ಸಿಗೆ ಹಿಡಿಸಿದ್ದ. ಹೀಗಾಗಿ ಎರಡು ದಿನದಿಂದ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಇಂಥ ದಿನ ಅಕ್ಕಪಕ್ಕದ ಮನೆಗಳಿಂದ ತಾಟು, ವಾಟಗ (ಬಟ್ಟಲು) ತರುವುದು ನಮ್ಮ ರೂಢಿ. ಅದಲುಬದಲು ಆಗಬಾರದೆಂದು ಎಲ್ಲರೂ ತಮ್ಮ ತಾಟಿನ ಅಂಚಿಗೆ ಹೆಸರು ಕೊರೆಸಿರುತ್ತಾರೆ. ಕಾಕಾನ ಮಗಳ ಸಾಖರಪುಡಾದಲ್ಲಿ ಬೀಗರೊಬ್ಬರು ಸಾಲಾಗಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ, "ನಿಮ್ಮೂರಿನ ವೋಟರ್ ಲಿಸ್ಟ್ ಇಲ್ಲೇ ಐತಲ್ರಿ!" ಎಂದುಬಿಟ್ಟರು. ಅಂದೇ ಅವ್ವ ಶಪಥ ಮಾಡಿದ್ದಳು: ತನ್ನ ಮಗಳ ಸಾಖರಪುಡಾಕ್ಕೆ ಮಂದಿ ಮನೆಯ ಒಂದು ಸಾಮಾನೂ ಹೊಸ್ತಿಲು ದಾಟಬಾರದು. ಶುಕ್ರವಾರವೇ ಪಕ್ಕದ ಮನೆಯ ಶಾಂತಕ್ಕನಿಗೆ, "ಈ ಸಲ ನಿಮ್ಮ ಸಾಮಾನು ಬ್ಯಾಡ್ರಿ, ನಾವ ಹೊಸಾವು ತರಾಕತ್ತೇವಿ" ಎಂದು ಹೇಳಿಯೂ ಆಗಿತ್ತು.

ಆ ಖರೀದಿಯ ಹೊಣೆ ನನಗೆ ಬಂದದ್ದು ನನ್ನ ವಿದ್ಯೆಯಿಂದ. ನಾನು ಸೊಸೈಟಿಯಲ್ಲಿ ಕ್ಲಾರ್ಕ್. ಶುಕ್ರವಾರ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಪಾತ್ರೆಗಳ ತೆರಿಗೆಯನ್ನು ಆಮೂಲಾಗ್ರವಾಗಿ ಅಧ್ಯಯನ ಮಾಡಿದ್ದೆ. ನಾನು ಅರಿತ ಪ್ರಕಾರ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿತ್ತು. ಆದರೆ ಚಮಚ, ಸೌಟುಗಳಿಗೆ ಶೇಕಡಾ 18! ಬೇರೆ ಬೇರೆ ದರದ ವಸ್ತುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಬೆಲೆಗೆ ಮಾರಿದರೆ ಅದು ‘ಮಿಶ್ರ ಪೂರೈಕೆ’ಯಾಗಿ ಎಲ್ಲಕ್ಕೂ ಹೆಚ್ಚಿನ ದರವೇ ಬೀಳಬಹುದು ಎಂದೂ ಓದಿದೆ. ಅಂದರೆ ಪೆಟ್ಟಿಗೆಯೊಳಗಿನ ಒಂದು ಯಃಕಶ್ಚಿತ್ ಚಮಚ ಬಡಪಾಯಿ ತಾಟುಗಳನ್ನೆಲ್ಲ ಹದಿನೆಂಟಕ್ಕೆ ಎಳೆದೊಯ್ಯುತ್ತದೆ. ನಾನಿರುವಾಗ ಹಾಗಾಗಲು ಬಿಡುವುದುಂಟೆ?

ಚಿಕ್ಕೋಡಿಯ ಭಾಂಡೆ ಅಂಗಡಿಯಲ್ಲಿ, ಅಂದರೆ ಪಾತ್ರೆ ಅಂಗಡಿಯಲ್ಲಿ, ಸಾವಕಾರರು ಮೊದಲು ನನ್ನ ಗೋಣಿಚೀಲವನ್ನು ತಕ್ಕಡಿಗೆ ಹಾಕಿದರು. ಹಳೆಯದನ್ನು ಮೋಡಕಾಕ್ಕೆ (ಗುಜರಿಗೆ) ಕೊಟ್ಟು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವುದು ಇಲ್ಲಿಯ ಪದ್ಧತಿ. ಚೀಲದ ಬಾಯಿಯನ್ನು ಅವ್ವ ಹೊಲಿದಿದ್ದಳು. ಒಳಗೆ ಏನಿದೆ ಎಂದು ನಾನು ನೋಡಲಿಲ್ಲ. ತಜ್ಞರು ಅಷ್ಟು ಕೆಳಗಿನ ಕೆಲಸಕ್ಕೆ ಇಳಿಯುವುದಿಲ್ಲ.

ಅನಂತರ ಸೆಟ್ಟುಗಳು ಬಂದವು. ಒಂದೊಂದರಲ್ಲಿ ಆರು ತಾಟು, ಹನ್ನೆರಡು ವಾಟಗ, ಆರು ಗ್ಲಾಸು, ಆರು ಚಮಚ, ಒಂದು ಸೌಟು. ಇಂಥವು ಏಳು.

"ಸಾವಕಾರ್ರ, ಚಮಚಾ ಸೌಟು ಎಲ್ಲಾ ಹೊರಗ ತಗೀರಿ" ಎಂದೆ.

"ಯಾಕೋ ತಮ್ಮಾ? ಸೆಟ್ಟ ಅಂದ್ರ ಸೆಟ್ಟ."

"ಹದಿನೆಂಟು ಪರ್ಸೆಂಟ್ ಕೊಡಾಕ ನಾ ತಯಾರಿಲ್ಲ."

"ಅರೇ, ಅವಕ್ಕ—"

"ಕಾಯ್ದೆ ನನಗ ಗೊತ್ತೈತ್ರಿ."

"ನನ್ನ ಮಾತರ ಪೂರಾ ಕೇಳು—"

"ಮಿಶ್ರ ಪೂರೈಕೆ ಅಂದ್ರ ಏನ ಗೊತ್ತೈತೇನ್ರಿ ನಿಮಗ?"

ಸಾವಕಾರರು ನನ್ನನ್ನು ಒಂದು ಸಲ, ಗೋಡೆಯ ಮೇಲಿನ ದೇವರ ಫೋಟೋವನ್ನು ಒಂದು ಸಲ ನೋಡಿದರು. ನಲವತ್ತೆರಡು ಚಮಚ, ಏಳು ಸೌಟು ಎಣಿಸಿ ತೆಗೆದು ಮೂಲೆಗೆ ಇಟ್ಟರು. ಮನೆಯಲ್ಲಿ ಹಳೆಯ ಚಮಚಗಳು ಬೇಕಾದಷ್ಟಿವೆಯಲ್ಲ! ದೇಶದ ಖಜಾನೆಯನ್ನು ಸೋಲಿಸಿದ ಗತ್ತಿನಲ್ಲಿ ನಾನು ಬಸ್ಸು ಹತ್ತಿದೆ.

ಹೊಸ ಪಾತ್ರೆಗಳನ್ನು ಒಂದು ರಾತ್ರಿ ದೇವರ ಮುಂದಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಮುಂಜಾನೆಯೇ ಬಿಚ್ಚುವುದು ಅವ್ವನ ನೇಮ. ಹೀಗಾಗಿ ನನ್ನ ಪಾಂಡಿತ್ಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ಸುರಕ್ಷಿತವಾಗಿತ್ತು. ಒಲೆಯ ಮೇಲೆ ಶಾವಿಗೆ ಖೀರು ಕುದಿಯುತ್ತಿತ್ತು. ಅವ್ವ ಏಳೂ ಪೆಟ್ಟಿಗೆಗಳನ್ನು ಬಿಚ್ಚಿ, ಬೋರಲು ಹಾಕಿ, ಅಲುಗಾಡಿಸಿ ನೋಡಿದಳು.

"ಸಂತೋಷಾ, ಸೌಟ ಎಲ್ಲಿ?"

ನಾನು ಶಾಂತವಾಗಿ ಕಾನೂನು ವಿವರಿಸತೊಡಗಿದೆ. ಐದು, ಹದಿನೆಂಟು, ಮಿಶ್ರ ಪೂರೈಕೆ...

"ನಿನ್ನ ಪೂರೈಕಿಗೆ ಬೆಂಕಿ ಹತ್ತಲಿ! ಹೊಸ ಸೆಟ್ಟಿನಾಗ ಬರತಾವಂತ ಹಳೇ ಸೌಟು ಚಮಚಾ ಎಲ್ಲಾ ಆ ಚೀಲದಾಗ ತುಂಬಿ ಕೊಟ್ಟಿದ್ನೆಲ್ಲೋ!"

ಮನೆಯಲ್ಲಿ ಆಗ ಇದ್ದ ಒಟ್ಟು ಚಮಚಗಳು: ಒಂದು. ಅದೂ ಉಪ್ಪಿನಕಾಯಿ ಭರಣಿಯದು, ಮರದ್ದು.

ನಾನು ಓಣಿಗೆ ಓಡಿದೆ. ನಮ್ಮೂರಿನ ಭಾಂಡೆ ಅಂಗಡಿಗೆ ಬೀಗ; ಮಾಲೀಕರು ಭೋಜ ಗ್ರಾಮಕ್ಕೆ ಮದುವೆಗೆಂದು ಹೋಗಿದ್ದರು. ಕಿರಾಣಿ ಅಂಗಡಿಯಲ್ಲಿ ಐಸ್‌ಕ್ರೀಮ್ ತಿನ್ನುವ ಚಪ್ಪಟೆ ಕಡ್ಡಿಗಳು ಸಿಕ್ಕವು. ತಂದೆ. ಅವ್ವ ಅವನ್ನು ನೋಡಿದ ರೀತಿಗೆ ನಾನೇ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದೆ.

ಇಷ್ಟರಲ್ಲಿ ಹಿತ್ತಲಿನ ಗೋಡೆಯ ಮೇಲೆ ಶಾಂತಕ್ಕನ ಮುಖ ಕಾಣಿಸಿತು. "ಯಾಕ್ರಿ ವೈನಿ, ಒದರಾಡಾಕತ್ತೀರಿ? ಏನರ ಬೇಕಾಗೇತೇನ್ರಿ?"

ಅವ್ವ ಸೆರಗು ಸರಿಪಡಿಸಿಕೊಂಡಳು. "ಏನೂ ಬ್ಯಾಡ್ರಿ. ಎಲ್ಲಾ ಹೊಸಾವು ಬಂದಾವ್ರಿ."

ಮುಖ ಮರೆಯಾದದ್ದೇ ತಡ, ಅವ್ವ ಮಜ್ಜಿಗೆ ಕಡೆಯುವ ಕಡಗೋಲನ್ನು ಖೀರಿಗೆ ಇಳಿಸಿದಳು! ತಳ ಹತ್ತದಂತೆ ಕೈಯಾಡಿಸಲು ಬೇರೆ ಉಪಾಯವಿರಲಿಲ್ಲ. ನೂಲಿನಂತಿದ್ದ ಶಾವಿಗೆ ನುಚ್ಚುನೂರಾಯಿತು. ಖೀರಿನ ಮೇಲೆ ನೊರೆ ಬಂತು. ಅಕ್ಕ ಹೊಸ ಸೀರೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ಅದನ್ನು ನೋಡಿದಳು. ಅಳಲಿಲ್ಲ. "ಆ ಅಜ್ಜಿ ಎದ್ದ ಹೋದ್ರ ನಿನ್ನ ಮಾರಿ ನೋಡಂಗಿಲ್ಲ ನಾ" ಎಂದಷ್ಟೇ ಹೇಳಿದಳು. ಅಲ್ಲಿಯವರೆಗೆ ನಾನು ಇದನ್ನು ಚಮಚದ ಪ್ರಶ್ನೆ ಎಂದುಕೊಂಡಿದ್ದೆ.

ಹನ್ನೆರಡೂವರೆಗೆ ಪಂಕ್ತಿ ಕುಳಿತಿತು. ಹೆಸರಿಲ್ಲದ ಹೊಸ ತಾಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ನಾನು ಬಕೆಟ್ಟಿನಿಂದ ಖೀರನ್ನು ಗ್ಲಾಸಿನಲ್ಲಿ ಮೊಗೆದು ವಾಟಗಕ್ಕೆ ಸುರಿಯುತ್ತ ಬಂದೆ. ಬೆರಳು ಸುಟ್ಟರೂ ಮುಖದಲ್ಲಿ ನಗು ಇಟ್ಟುಕೊಂಡಿದ್ದೆ. ಅಜ್ಜಿ ವಾಟಗದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಚಮಚಾ ಎಲ್ಲಿ?"

ಅಪ್ಪ ಚಾವಣಿಯನ್ನು ಪರೀಕ್ಷಿಸತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು.

"ಅಜ್ಜಿ, ನಮ್ಮ ತಮ್ಮ ಟ್ಯಾಕ್ಸ್ ಉಳಸಾಕ ಹೋಗಿ ಚಮಚಾ ಎಲ್ಲಾ ಅಂಗಡ್ಯಾಗ ಬಿಟ್ಟ ಬಂದಾನ್ರಿ. ಮನ್ಯಾಗ ಒಂದೂ ಇಲ್ರಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೈಗೂ ಟ್ಯಾಕ್ಸ್ ಹಾಕ್ಯಾರೇನೋ?"

"ಇ... ಇಲ್ರಿ."

"ಮತ್ತ?" ಎಂದವರೇ ವಾಟಗವನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿದರು. ಅಜ್ಜಿ ತುಟಿ ಒರೆಸಿಕೊಂಡರು.

"ಬೇಷ್ ಆಗೇತಿ! ಎಲ್ಲಿ ಹ್ವಾದ್ರೂ ಉದ್ದನ್ನ ಶಾವಗಿ ಮಾಡಿ ನನ್ನ ಬೊಚ್ಚ ಬಾಯಿಗೆ ಜೋತ ಬಿಡಸ್ತಾರ. ಇವರೊಬ್ರ ನೋಡು, ಮುದುಕಿ ನೆನಪಿಟ್ಟ ನುಣ್ಣಗ ಮಾಡ್ಯಾರ. ಹಾಕೋ ಇನ್ನೊಂದ ವಾಟಗಾ! ಹುಡುಗಿನೂ ಸುಳ್ಳ ಹೇಳಾಕಿ ಅಲ್ಲ."

ನಲವತ್ತು ವಾಟಗಗಳು ಒಟ್ಟಿಗೆ ಮೇಲೆದ್ದವು. ಸೊರ್ರೆನ್ನುವ ಆ ಸದ್ದಿನಷ್ಟು ಇಂಪಾದುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವ್ವ ಬಾಗಿಲ ಮರೆಯಲ್ಲಿ ಕುಸಿದು ಕುಳಿತು ನಕ್ಕಳು. ಹುಡುಗನೂ ನಕ್ಕ. ಅಕ್ಕ ಅಂದು ಮಧ್ಯಾಹ್ನ ಎರಡು ತಾಟು ಅನ್ನ ಉಂಡಳು. ಹೊರಡುವಾಗ ಅಜ್ಜಿ ಅಪ್ಪನಿಗೆ ಹಾಕಿದ ಷರತ್ತು ಒಂದೇ: "ಲಗ್ನದ ಖರೀದಿಗೆ ಮಾತ್ರ ಇವನ್ನ ಕಳಸಬ್ಯಾಡ್ರಿ."

ಸೋಮವಾರ ಚಿಕ್ಕೋಡಿಯ ಅಂಗಡಿಗೆ ಹೋಗಿ, ಬಿಟ್ಟು ಬಂದ ಚಮಚಗಳನ್ನು ತೆರಿಗೆಸಮೇತ ಕೊಳ್ಳುತ್ತೇನೆಂದು ತಲೆ ತಗ್ಗಿಸಿ ಹೇಳಿದೆ.

"ಅವಕ್ಕೆಲ್ಲಿ ರೇಟೋ ತಮ್ಮಾ?" ಎಂದರು ಸಾವಕಾರರು. "ತಾಟಿನ ಜೋಡಿ ಪುಕ್ಕಟ್ ಬಂದಾವ ಅವು. ಪೆಟಗಿ ಮ್ಯಾಲಿನ ರೇಟ್ ಟ್ಯಾಕ್ಸ್ ಹಿಡದ ಐತಿ. ತಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಹೇಳಾಕ ಬಂದ್ರ ನೀ ನನಗ ಕಾಯ್ದೆ ಕಲಿಸಾಕತ್ತಿದ್ದಿ!"

"ಹಂಗಾದ್ರ ಈಗ ಕೊಡ್ರಿ."

"ಈಗ ಎಲ್ಲಿ? ನಿನ್ನ ಹಿಂದ ಬಂದ ಹೆಣ್ಮಗಳು ಪುಕ್ಕಟ್ ಅಂದ್ರ ಎಲ್ಲಾ ಸೆರಗಿನಾಗ ಕಟಗೊಂಡ ಹೋದ್ಲು."

ಬೇರೆ ಚಮಚಗಳನ್ನು ಕೊಂಡೆ. ಪೂರ್ತಿ ಹದಿನೆಂಟು ಕೊಟ್ಟು! ಆ ರಾತ್ರಿಯ ನನ್ನ ದಿನಚರಿಯ ಲೆಕ್ಕ: ಉಳಿಸಿದ ತೆರಿಗೆ, ಸೊನ್ನೆ. ಮುರಿದ ಸಂಬಂಧ, ಸೊನ್ನೆ. ಎರಡನೆಯ ಸೊನ್ನೆಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಈಗ ಅವ್ವ ಮದುವೆಗೆಂದು ಒಂದು ಈಳಿಗೆಮಣೆ ಕೊಳ್ಳಬೇಕೆಂದಿದ್ದಾಳೆ. ಅದರ ಮಣೆ ಕಟ್ಟಿಗೆಯದು, ಅಲಗು ಕಬ್ಬಿಣದ್ದು, ತುದಿಯಲ್ಲಿ ಕೊಬ್ಬರಿ ತುರಿಯುವ ಹಲ್ಲು. ಇದು ಪಾತ್ರೆಯೋ, ಚಾಕುವೋ, ಪೀಠೋಪಕರಣವೋ? ಇದಕ್ಕೆ ಐದೋ, ಹದಿನೆಂಟೋ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಪತ್ರವನ್ನು ಅವ್ವನ ಹೆಸರಿಗೇ ಬರೆಯಿರಿ. ನನ್ನ ಹೆಸರಿಗೆ ಬಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.