ನಾನು ತುಂಬೆ ಬೆಳೆದ ಶ್ರಾವಣ

ಬೇಡವೆಂದರೂ ಬೆಳೆಯುವ ಗಿಡವನ್ನು ಬೇಕೆಂದು ಬೆಳೆಸಲು ಹೊರಟವನಿಗೆ ಮಾತ್ರ ಅದರ ಗತ್ತು ಗೊತ್ತು. ಮಲ್ಲಿಗೆ ಬೆಳೆಸಿದೆ, ಗುಲಾಬಿ ಬೆಳೆಸಿದೆ ಎಂದು ಹೇಳಿಕೊಳ್ಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ರೈತರು ಕಸವೆಂದು ಕಿತ್ತೆಸೆಯುವ ಹೊಲದ ಬದುವಿನ ತುಂಬೆಯನ್ನು ನೀರು ಹೊತ್ತು ಸಾಕಿದವನು ಇಡೀ ಶಹಾಬಾದಿನಲ್ಲಿ ನಾನೊಬ್ಬನೇ ಇರಬೇಕು.

ಆಗ ನಾನು ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ಬಾಡಿಗೆ ಮನೆ, ಗೋಡೆಗೂ ಕಲ್ಲು, ಮಾಳಿಗೆಗೂ ಕಲ್ಲು, ಅಂಗಳಕ್ಕೂ ಅದೇ ಹಾಸುಗಲ್ಲು. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲ ಸಲ ನಮ್ಮೂರು ದಂಡೋತಿ ಬಿಟ್ಟು ಕಾರಹುಣ್ಣಿಮೆ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಅವಳು ನಮ್ಮ ಜೊತೆಯಲ್ಲೇ ಉಳಿಯಲಿ ಎಂದು ನನಗೆ ಬಹಳ ಆಸೆ. ಅವಳ ತಕರಾರು ಒಂದೇ, ಲಿಂಗಪೂಜೆಗೆ ತುಂಬೆ ಹೂವಿಲ್ಲ. ಭಂಕೂರಿನ ದಾರಿಯಿಂದ ಕಿತ್ತು ತಂದರೆ, ಮನೆ ಸೇರುವಷ್ಟರಲ್ಲಿ ಆ ಪುಟ್ಟ ಹೂಗಳು ಬಾಡಿ ಟವೆಲ್ಲಿಗೆ ಅಂಟಿಕೊಂಡಿರುತ್ತಿದ್ದವು.

"ಶ್ರಾವಣ ಮುಗಿಯೋದ್ರಾಗ ತುಂಬಿ ಸಿಗಲಿಲ್ಲಂದ್ರ ನನಗ ಬಸ್ಸಿಗಿ ಕೂಡಿಸಿಬಿಡು ತಮ್ಮಾ," ಎಂದಳು.

ನಾಲ್ಕು ಹಾಸುಗಲ್ಲು ಎಬ್ಬಿಸಿ, ಸಸಿ ತಂದು ನೆಟ್ಟು, ಸಗಣಿ ಗೊಬ್ಬರ ಹಾಕಿ, ದಿನಕ್ಕೆರಡು ಸಲ ನೀರುಣಿಸಿದೆ. ಐದೇ ದಿನಕ್ಕೆ ಬುಡ ಕೊಳೆತು ಮಲಗಿಬಿಟ್ಟವು. "ಕಸಕ್ಕ ಗೊಬ್ಬರ ಹಾಕೋ ಮನಷ್ಯಾನ್ನ ಇವತ್ತೇ ನೋಡಿದೆ," ಎಂದು ನಮ್ಮ ಹೆಡ್ ಕ್ಲಾರ್ಕ್ ಕಚೇರಿಯೆಲ್ಲ ಕೇಳುವಂತೆ ಹೇಳಿದರು. ಎರಡನೇ ಸಲ ಮಣ್ಣಿಗೆ ಕಲ್ಲಿನ ಚೂರು ಬೆರೆಸಿದೆ, ನೀರಿನ ಕೈ ಬಿಗಿ ಹಿಡಿದೆ. ಗಿಡ ಹಿಡಿಯಿತು, ಮೊಗ್ಗೂ ಬಂತು. ಒಂದು ಸಂಜೆ ಮನೆಗೆ ಬಂದು ನೋಡಿದರೆ ಮಡಿ ಖಾಲಿ. ಚಿಂಚೋಳಿ ಕಡೆಯ ಒಕ್ಕಲುಮನೆಯ ಮಗಳಾದ ನನ್ನ ಹೆಂಡತಿ, ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕುಳಿತವಳು, ಒಂದೂ ಬಿಡದೆ ಕಿತ್ತಿದ್ದಳು.

"ನಾ ಏನ್ ಮಾಡ್ಲಿರಿ, ಕೈ ತಾನ ಹೋಯ್ತು. ಸಣ್ಣಾಕಿ ಇದ್ದಾಗಿಂದ ಕಸ ತೆಗೆದ ಕೈರಿ ಇದು."

ಬೇರಿನ ಮಣ್ಣು ಝಾಡಿಸಿ ಸಾಲಾಗಿ ಒಣಹಾಕಿದ್ದಳು. ಕೆಲಸ ಅಷ್ಟು ಚೊಕ್ಕವಾಗಿತ್ತು, ಬಯ್ಯಲು ನನಗೆ ಬಾಯಿ ಬರಲಿಲ್ಲ.

ಮೂರನೇ ಸಲ ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿದೆ. ಅದು ದನಕ್ಕಲ್ಲ, ಹೆಂಡತಿಗೆ. ಶ್ರಾವಣದ ಕಡೇ ಸೋಮವಾರ ಬೆಳಿಗ್ಗೆ ನೋಡಿದರೆ ಮಡಿಯೆಲ್ಲ ಬೆಳ್ಳಗೆ! ಅವ್ವ ತಟ್ಟೆ ತುಂಬ ಬಿಡಿಸಿಕೊಂಡಳು. ಸುದ್ದಿ ತಿಳಿದು ಓಣಿಯ ಹೆಂಗಸರೂ ತಟ್ಟೆ ಹಿಡಿದು ಬಂದರು. ಅವರಲ್ಲಿ ಹೆಡ್ ಕ್ಲಾರ್ಕರ ಹೆಂಡತಿಯೂ ಇದ್ದರು. ಹೆಗಲಿಗೆ ಮಡಿ ಟವೆಲ್ ಹಾಕಿಕೊಂಡು ನಾನೇ ನಿಂತು ಹಂಚಿದೆ. ಆ ಹೊತ್ತು ನನ್ನ ಎದೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ. ಸಂಜೆಯ ಒಪ್ಪತ್ತಿನ ಊಟಕ್ಕೆ ಎಳೆಯ ಕುಡಿಗಳನ್ನು ಹೆಸರುಬೇಳೆ ಹಾಕಿ ಪಲ್ಯ ಮಾಡಿದರು. ನಾನು ನಾಲ್ಕು ಜೋಳದ ರೊಟ್ಟಿ ತಿಂದೆ.

"ಇನ್ನ ಬಸ್ಸಿನ ಮಾತಿಲ್ಲ, ಇಲ್ಲೇ ಇರ್ತೀನಿ," ಎಂದಳು ಅವ್ವ.

ನನಗೆ ಇನ್ನೂ ಹೊಗಳಿಕೆ ಬೇಕಾಗಿತ್ತು. "ತುಂಬಿ ಬೆಳಸೋದು ನಮ್ಮನ್ಯಾಗ ಮತ್ತ್ಯಾರಿಗಿ ಬರ್ತದವ್ವಾ?" ಎಂದೆ.

"ಯಾರಿಗೂ ಬರಂಗಿಲ್ಲ. ಸಣ್ಣಾಂವ ಇದ್ದಾಗೂ ನೀ ಕಸ ತೆಗೆದ ಜಾಗಾದಾಗ ಜ್ವಾಳಕ್ಕಿಂತ ತುಂಬೀನೇ ಭಾಳ ಉಳೀತಿತ್ತು. ಇಂವಾ ಹೊಲಕ್ಕ ಬ್ಯಾಡಂತ ನಿಮ್ಮಪ್ಪ ಸಾಲಿಗಿ ಹಚ್ಚಿದ್ರು."

ಮೂವರು ಅಣ್ಣತಮ್ಮಂದಿರಲ್ಲಿ ನನ್ನೊಬ್ಬನನ್ನೇ ಶಾಲೆಗೆ ಕಳಿಸಿದ್ದು ನನ್ನ ಬುದ್ಧಿಗೆ ಮೆಚ್ಚಿ ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ.